ಎದೆ ಯಾರದು, ಹೆಸರು ಯಾರದು?

ಭಾರತ ಕ್ರಿಕೆಟ್ ತಂಡದ ಜರ್ಸಿಯ ಎದೆಭಾಗ 2025ರ ಸೆಪ್ಟೆಂಬರಿನಲ್ಲಿ ಕೆಲವು ವಾರಗಳ ಕಾಲ ಜಾಹೀರಾತಿನಿಂದ ಮುಕ್ತವಾಗಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಸಂಸತ್ತು ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿದ ಬೆನ್ನಿಗೇ ಪ್ರಾಯೋಜಕ ಸಂಸ್ಥೆ ಡ್ರೀಮ್ ಇಲೆವೆನ್ ಹಿಂದೆ ಸರಿಯಿತು. ಅಷ್ಟರಲ್ಲಿ ಏಷ್ಯಾ ಕಪ್ ಬಾಗಿಲಲ್ಲಿತ್ತು. ಹೊಸ ಪ್ರಾಯೋಜಕರನ್ನು ಗೊತ್ತುಮಾಡಲು ಸಮಯ ಸಾಲದೆ, ಸಂಯುಕ್ತ ಅರಬ್ ಎಮಿರೇಟ್ಸ್‌ನ ಅಂಗಳಗಳಲ್ಲಿ ನಮ್ಮ ಹುಡುಗರು ದೇಶದ ಹೆಸರನ್ನಷ್ಟೇ ದೊಡ್ಡದಾಗಿ ಹೊತ್ತ ನೀಲಿ ಅಂಗಿ ತೊಟ್ಟು ಆಡಿದರು. ಕಪ್ಪನ್ನು ಗೆದ್ದರು ಕೂಡ. ವ್ಯಾಪಾರದ ಲೆಕ್ಕದಲ್ಲಿ ಅದೊಂದು ಕೊರತೆ. ನನ್ನ ಕಣ್ಣಿಗೆ ಮಾತ್ರ ಅದು ಎಷ್ಟೋ ವರ್ಷಗಳಲ್ಲಿ ಕಂಡ ಅತ್ಯಂತ ಸುಂದರವಾದ ಜರ್ಸಿ. ಯಾವ ವಿನ್ಯಾಸಕಾರನ ಪ್ರತಿಭೆಯೂ ಇಲ್ಲದೆ, ಒಂದು ಹೆಸರನ್ನು ಅಳಿಸಿಬಿಟ್ಟ ಮಾತ್ರಕ್ಕೆ ಅಂಗಿಯೊಂದು ಇಷ್ಟು ಚೆಂದವಾಗಬಹುದಾದರೆ, ಅಷ್ಟು ದಿನ ಅದನ್ನು ಕೆಡಿಸುತ್ತಿದ್ದುದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ತಂಡದ ಸಮವಸ್ತ್ರ ಮತ್ತು ಲಾಂಛನಗಳ ಬಗ್ಗೆ ಬರೆಯುವುದು ಗಂಭೀರ ಪತ್ರಿಕೆಯ ಪುಟಕ್ಕೆ ತಕ್ಕ ವಿಷಯವೇ ಎಂದು ಹುಬ್ಬೇರಿಸುವವರಿರಬಹುದು. ಬಣ್ಣ, ಬಟ್ಟೆ, ಕಸೂತಿಯ ಮಾತಾಗಿದ್ದರೆ ಅದು ಅಭಿರುಚಿಯ ಪ್ರಶ್ನೆಯಾಗಿ ಮುಗಿಯುತ್ತಿತ್ತು. ಆದರೆ ಒಂದು ತಂಡದ ಅಂಗಿಗೆ ಮೂವರು ಹಕ್ಕುದಾರರಿದ್ದಾರೆ: ಅದನ್ನು ಉಡುವವರು, ಅದನ್ನು ನೋಡಿ ತಮ್ಮದೆಂದು ಬಗೆಯುವವರು, ಅದಕ್ಕೆ ಹಣ ಕೊಡುವವರು. ಈ ಮೂವರಲ್ಲಿ ನಮ್ಮ ದೇಶದಲ್ಲಿ ಅಭಿಪ್ರಾಯ ಕೇಳಿಸಿಕೊಳ್ಳುವ ಭಾಗ್ಯ ಇರುವುದು ಮೂರನೆಯವರಿಗೆ ಮಾತ್ರ. ನನ್ನ ತಕರಾರು ಇರುವುದು ಇಲ್ಲಿ.

ಹಣ ಕೊಟ್ಟವರ ಪಟ್ಟಿಯನ್ನೇ ಮೊದಲು ನೋಡೋಣ. 2001ರಿಂದ 2013ರವರೆಗೆ ಭಾರತ ತಂಡದ ಎದೆಯ ಮೇಲೆ ಸಹಾರಾ ಇತ್ತು. ಅನಂತರ ಸ್ಟಾರ್, 2017ರಿಂದ ಒಪ್ಪೊ, 2019ರಿಂದ ಬೈಜೂಸ್, 2023ರಿಂದ ಡ್ರೀಮ್ ಇಲೆವೆನ್ ಬಂದವು. ಏಷ್ಯಾ ಕಪ್ ನಡೆಯುತ್ತಿರುವಾಗಲೇ ಅಪೊಲೊ ಟೈರ್ಸ್ ಸಂಸ್ಥೆಯ ಹೆಸರು ಪ್ರಕಟವಾಯಿತು. ಟಿವಿ ವಾಹಿನಿ, ಮೊಬೈಲ್ ಫೋನು, ಮಕ್ಕಳ ಪಾಠದ ಆ್ಯಪ್, ಹಣ ಕಟ್ಟುವ ಆಟ: ಕಾಲು ಶತಮಾನದ ನಮ್ಮ ಆರ್ಥಿಕತೆಯ ಹುಮ್ಮಸ್ಸುಗಳನ್ನೆಲ್ಲ ಈ ಒಂದು ಅಂಗಿಯ ಮೇಲೆ ಓದಬಹುದು. ಅದರ ಪತನಗಳನ್ನೂ ಓದಬಹುದು. ಸಹಾರಾ ಸಮೂಹದ ಎರಡು ಕಂಪೆನಿಗಳು ಸುಮಾರು ಮೂರು ಕೋಟಿ ಹೂಡಿಕೆದಾರರಿಂದ ಸಂಗ್ರಹಿಸಿದ 24,000 ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತವನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2012ರ ಆಗಸ್ಟ್‌ನಲ್ಲಿ. ಅದಾದ ಮೇಲೂ ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಹೆಸರು ರಾಷ್ಟ್ರೀಯ ತಂಡದ ಎದೆಯ ಮೇಲೆ ರಾರಾಜಿಸಿತು. ಬೈಜೂಸ್ ವಿಷಯದಲ್ಲಂತೂ, ಬಾಕಿ ಹಣಕ್ಕಾಗಿ ಕ್ರಿಕೆಟ್ ಮಂಡಳಿಯೇ ದಿವಾಳಿ ಪ್ರಕ್ರಿಯೆಗೆ ಅರ್ಜಿ ಹಾಕಬೇಕಾಯಿತು. ಕಂಪೆನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಜುಲೈನಲ್ಲಿ ಅದನ್ನು ವಿಚಾರಣೆಗೆ ಅಂಗೀಕರಿಸಿತು. ಡ್ರೀಮ್ ಇಲೆವೆನ್‌ನ ಮುಖ್ಯ ವ್ಯವಹಾರವನ್ನು ಕಾನೂನೇ ನಿಲ್ಲಿಸಿತು.

ಕಂಪೆನಿಗಳು ಏಳುತ್ತವೆ, ಬೀಳುತ್ತವೆ. ಅದು ವ್ಯಾಪಾರದ ಧರ್ಮ. ಇಲ್ಲಿ ಗಮನಿಸಬೇಕಾದುದು ಬೇರೆ. ರಸ್ತೆ ಬದಿಯ ಫಲಕದ ಮೇಲೆ ಒಂದು ಹೆಸರು ಕಂಡರೆ ಅದನ್ನು ನಾವು ಜಾಹೀರಾತೆಂದೇ ಓದುತ್ತೇವೆ. ಅದೇ ಹೆಸರು ದೇಶದ ಪರವಾಗಿ ಆಡುವವನ ಎದೆಯ ಮೇಲಿದ್ದರೆ ಅದಕ್ಕೊಂದು ಮುದ್ರೆ ಬೀಳುತ್ತದೆ. ಸಾಲ ಮಾಡಿ ಮಗುವಿಗೆ ಪಾಠದ ಪ್ಯಾಕೇಜ್ ಕೊಳ್ಳುವ ತಂದೆಗೂ, ಚಿಕ್ಕ ಊರಿನಲ್ಲಿ ದಿನಗೂಲಿಯ ಉಳಿತಾಯವನ್ನು ಏಜೆಂಟನ ಕೈಗೆ ಒಪ್ಪಿಸುವ ತಾಯಿಗೂ ಆ ಮುದ್ರೆ ಒಂದು ಭರವಸೆಯಾಗಿ ಕಾಣುವುದು ಸಹಜ. ಮಂಡಳಿ ಮಾರುತ್ತಿರುವುದು ಕೆಲವು ಅಂಗುಲ ಬಟ್ಟೆಯನ್ನಲ್ಲ, ಜನ ಆ ಬಟ್ಟೆಯ ಮೇಲೆ ಇಟ್ಟಿರುವ ನಂಬಿಕೆಯನ್ನು. ನಂಬಿಕೆ ಜನರದ್ದು, ಮಾರಾಟದ ಹಣ ಮಂಡಳಿಯದ್ದು ಎಂಬುದು ಎಲ್ಲಿಯ ನ್ಯಾಯ?

ಇದಕ್ಕೆ ಪರ್ಯಾಯವೇ ಇಲ್ಲ ಎನ್ನುವಂತಿಲ್ಲ. ಅಂತರರಾಷ್ಟ್ರೀಯ ಕ್ರಿಕೆಟ್ ಸಮಿತಿ ನಡೆಸುವ ವಿಶ್ವ ಕಪ್‌ಗಳಲ್ಲಿ ಅಂಗಿಯ ಮುಂಭಾಗದ ನಡುವೆ ಇರುವುದು ದೇಶದ ಹೆಸರು. ಪ್ರಾಯೋಜಕರ ಸ್ಥಾನ ತೋಳಿನ ಮೇಲೆ. ಜಗತ್ತಿನ ಅತ್ಯಂತ ಲಾಭದಾಯಕ ಪಂದ್ಯಾವಳಿಗಳೇ ಈ ನಿಯಮದಡಿ ನಡೆಯುತ್ತವೆ. ಯಾವ ಪ್ರಾಯೋಜಕನೂ ಅದರಿಂದ ಮುನಿಸಿಕೊಂಡು ಓಡಿಹೋಗಿಲ್ಲ. ಆದರೆ ಎರಡು ದೇಶಗಳ ನಡುವಣ ಸರಣಿ ಬಂದೊಡನೆ ಲೆಕ್ಕ ತಲೆಕೆಳಗಾಗುತ್ತದೆ. 2023ರ ಜುಲೈನಲ್ಲಿ ವೆಸ್ಟ್ ಇಂಡೀಸ್ ಪ್ರವಾಸದ ಟೆಸ್ಟ್ ಅಂಗಿಯನ್ನು ನೆನಪಿಸಿಕೊಳ್ಳಿ. ಅಚ್ಚ ಬಿಳಿಯ ಬಟ್ಟೆಯ ಮೇಲೆ ಕೆಂಪಕ್ಷರಗಳಲ್ಲಿ ಡ್ರೀಮ್ ಇಲೆವೆನ್ ಎದ್ದು ಕೂಗುತ್ತಿತ್ತು. ದೇಶದ ಹೆಸರನ್ನು ಹುಡುಕಬೇಕಾಗಿತ್ತು. ಟೆಸ್ಟ್ ಕ್ರಿಕೆಟ್ಟಿನ ಬಿಳಿ ಅಂಗಿ ಎಂಬುದು ಮೌನದ ವಸ್ತ್ರ. ಅದರ ಮೇಲೆ ಕಿರುಚಾಡುವ ಅಕ್ಷರಗಳನ್ನು ಹಚ್ಚುವುದು ದೇವಸ್ಥಾನದ ಗೋಡೆಗೆ ಭಿತ್ತಿಪತ್ರ ಅಂಟಿಸಿದ ಹಾಗೆ.

ಬಣ್ಣದ ಬಟ್ಟೆಯೇ ಕ್ರಿಕೆಟ್ಟಿಗೆ ವ್ಯಾಪಾರ ತಂದ ಕೊಡುಗೆಯಲ್ಲವೇ ಎಂಬ ಪ್ರಶ್ನೆ ಏಳಬಹುದು. ನಿಜ. ಆಸ್ಟ್ರೇಲಿಯಾದ ಕೆರಿ ಪ್ಯಾಕರ್ ತನ್ನ ಟಿವಿ ವಾಹಿನಿಗಾಗಿ ಕಟ್ಟಿದ ಬಂಡಾಯದ ಸರಣಿಯಲ್ಲಿ, 1979ರ ಜನವರಿಯಲ್ಲಿ ಸಿಡ್ನಿಯ ದೀಪಗಳ ಕೆಳಗೆ ಬಣ್ಣದ ಉಡುಪು ಕಾಣಿಸಿಕೊಂಡಾಗ ಸಂಪ್ರದಾಯಸ್ಥರು ಅದನ್ನು ಪೈಜಾಮವೆಂದು ಹಂಗಿಸಿದ್ದರು. ಆದರೆ ಬಣ್ಣಗಳು ಎಲ್ಲಿಂದ ಬಂದವು ಎಂಬುದಕ್ಕಿಂತ ಎಲ್ಲಿ ನೆಲೆಸಿದವು ಎಂಬುದು ಮುಖ್ಯ. ನಮ್ಮ ಕಪಿಲ್ ದೇವ್ 1983ರಲ್ಲಿ ಲಾರ್ಡ್ಸ್‌ನಲ್ಲಿ ಕಪ್ ಎತ್ತಿದ್ದು ಬಿಳಿ ಉಡುಪಿನಲ್ಲಿ. ಎರಡು ವರ್ಷಗಳ ಬಳಿಕ ಮೆಲ್ಬರ್ನ್‌ನಲ್ಲಿ ಬೆನ್ಸನ್ ಅಂಡ್ ಹೆಜಸ್ ಸರಣಿ ಗೆದ್ದಾಗ ತಂಡ ತೊಟ್ಟಿದ್ದು ತಿಳಿನೀಲಿ ಮತ್ತು ಹಳದಿ. 1992ರ ವಿಶ್ವ ಕಪ್‌ನಲ್ಲಿ ಎಲ್ಲ ತಂಡಗಳಿಗೂ ಒಂದೇ ಮಾದರಿಯ ಅಂಗಿ. ಬಣ್ಣ ಮಾತ್ರ ಬೇರೆ ಬೇರೆ, ಭುಜದ ಮೇಲೆ ಪಟ್ಟೆಗಳು, ಬೆನ್ನ ಮೇಲೆ ಆಟಗಾರನ ಹೆಸರು. ಬೆಳಗಿನ ಜಾವ ಎದ್ದು ಟಿವಿಯ ಮುಂದೆ ಕುಳಿತಿದ್ದ ನನ್ನ ತಲೆಮಾರಿನವರಿಗೆ ಆ ಗಾಢ ನೀಲಿ ಇಂದಿಗೂ ಮರೆತಿಲ್ಲ. ಭಾರತ ಆ ಪಂದ್ಯಾವಳಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಸಾಧಿಸಲಿಲ್ಲ. ಆದರೂ 2020ರ ಆಸ್ಟ್ರೇಲಿಯಾ ಪ್ರವಾಸಕ್ಕೆ ಅದೇ ಛಾಯೆಯ ಜರ್ಸಿ ಮರಳಿ ಬಂದಾಗ ಜನ ಹಳೆಯ ಗೆಳೆಯನನ್ನು ಕಂಡಂತೆ ಹಿಗ್ಗಿದರು. ವ್ಯಾಪಾರಿಯೊಬ್ಬ ತಂದ ಬಣ್ಣವನ್ನು ಜನ ತಮ್ಮ ನೆನಪಿನಿಂದ ತಮ್ಮದಾಗಿಸಿಕೊಂಡರು. ಹಾಗೆ ತಮ್ಮದಾಗಿಸಿಕೊಂಡ ಮೇಲೆ ಅದರ ಬಗ್ಗೆ ಮಾತನಾಡುವ ಅಧಿಕಾರವೂ ಅವರಿಗೆ ಬರುತ್ತದೆ.

ಈ ಅಧಿಕಾರವನ್ನು ಮನ್ನಿಸಿದ ದೇಶಗಳುಂಟು. ಇಂದು ಫುಟ್‌ಬಾಲ್ ಎಂದೊಡನೆ ಕಣ್ಣಿಗೆ ಕಟ್ಟುವ ಬ್ರೆಜಿಲ್‌ನ ಹಳದಿ ಅಂಗಿ ಹುಟ್ಟಿದ ಬಗೆಯನ್ನೇ ನೋಡಿ. 1950ರ ವಿಶ್ವ ಕಪ್‌ನ ನಿರ್ಣಾಯಕ ಪಂದ್ಯವನ್ನು ರಿಯೊ ನಗರದ ಮರಕಾನಾ ಅಂಗಳದಲ್ಲಿ ಉರುಗ್ವೆಗೆ ಸೋತಾಗ ಬ್ರೆಜಿಲ್ ಆಟಗಾರರು ಬಿಳಿ ಅಂಗಿ ತೊಟ್ಟಿದ್ದರು. ಆ ಬಿಳಿ ಜನರ ಪಾಲಿಗೆ ಶೋಕದ ಬಣ್ಣವಾಯಿತು. 1953ರಲ್ಲಿ 'ಕೊರೆಯೊ ದ ಮನ್ಯಾ' ಎಂಬ ದಿನಪತ್ರಿಕೆ ಹೊಸ ಸಮವಸ್ತ್ರಕ್ಕಾಗಿ ಸಾರ್ವಜನಿಕ ಸ್ಪರ್ಧೆಯೊಂದನ್ನು ಏರ್ಪಡಿಸಿತು. ಷರತ್ತು ಒಂದೇ: ರಾಷ್ಟ್ರಧ್ವಜದ ನಾಲ್ಕೂ ಬಣ್ಣಗಳು ಇರಬೇಕು. ಗೆದ್ದವನು ಉರುಗ್ವೆಯ ಗಡಿಯ ಪುಟ್ಟ ಊರಿನ ಹತ್ತೊಂಬತ್ತರ ಹುಡುಗ ಅಲ್ದೀರ್ ಗಾರ್ಸಿಯಾ ಶ್ಲೀ. ಹಳದಿ ಅಂಗಿ, ಹಸಿರು ಅಂಚು, ನೀಲಿ ಚಡ್ಡಿ, ಬಿಳಿ ಕಾಲುಚೀಲ. ಮುಂದೆ ಆತ ಹೆಸರಾಂತ ಲೇಖಕನಾದ. ಪೆಲೆಯಿಂದ ಮೊದಲ್ಗೊಂಡು ಎಷ್ಟೋ ತಲೆಮಾರುಗಳು ತೊಟ್ಟ ಆ ಅಂಗಿ ಯಾವ ಕಂಪೆನಿಯ ವಿನ್ಯಾಸ ವಿಭಾಗದಿಂದಲೂ ಬಂದದ್ದಲ್ಲ. ಪತ್ರಿಕೆಯ ಓದುಗನೊಬ್ಬನ ಕಾಗದದಿಂದ ಬಂತು.

ಇದಕ್ಕೆ ವಿರುದ್ಧವಾದ ಕಥೆಯೂ ಇದೆ. ವೇಲ್ಸ್‌ನ ಕಾರ್ಡಿಫ್ ಸಿಟಿ ಫುಟ್‌ಬಾಲ್ ಕ್ಲಬ್ ನೂರು ವರ್ಷಗಳಿಂದ ನೀಲಿ ತೊಡುತ್ತಿತ್ತು. ನೀಲಿಹಕ್ಕಿಗಳು ಎಂಬುದೇ ಅದರ ಅಡ್ಡಹೆಸರು. ಮಲೇಷ್ಯಾದ ಉದ್ಯಮಿ ವಿನ್ಸೆಂಟ್ ಟ್ಯಾನ್ ಮಾಲೀಕರಾದ ಮೇಲೆ, ಏಷ್ಯಾದ ಮಾರುಕಟ್ಟೆಗೆ ಕೆಂಪು ಮಂಗಳಕರವೆಂದು 2012ರಲ್ಲಿ ಅಂಗಿಯನ್ನು ಕೆಂಪಾಗಿಸಿದರು. ಲಾಂಛನದಲ್ಲಿ ಡ್ರ್ಯಾಗನ್ ಹಿಗ್ಗಿತು, ಹಕ್ಕಿ ಕುಗ್ಗಿತು. ಅದೇ ಋತುವಿನಲ್ಲಿ ತಂಡ ಗೆದ್ದು ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ಗೆ ಬಡ್ತಿಯನ್ನೂ ಪಡೆಯಿತು. ಆದರೂ ಅಭಿಮಾನಿಗಳು ಒಪ್ಪಲಿಲ್ಲ. ಪ್ರತಿಭಟನೆಗೆ ಮಣಿದು 2015ರ ಜನವರಿಯಲ್ಲಿ ನೀಲಿಯನ್ನೇ ಮರಳಿ ತರಬೇಕಾಯಿತು. ಗೆಲುವಿನಿಂದಲೂ ಕೊಳ್ಳಲಾಗದ ವಸ್ತುವೊಂದಿದೆ ಎಂಬುದನ್ನು ಆ ಊರಿನ ಜನ ಮಾಲೀಕನಿಗೆ ಕಲಿಸಿದರು. ಸ್ಪೇನ್‌ನ ಬಾರ್ಸಿಲೋನಾ ಕ್ಲಬ್ 2018ರಲ್ಲಿ ತನ್ನ ಲಾಂಛನವನ್ನು ಸರಳಗೊಳಿಸಲು ಹೊರಟಾಗ ಸದಸ್ಯರ ಸಭೆಯಲ್ಲಿ ಅಸಮಾಧಾನ ಭುಗಿಲೆದ್ದು, ಪ್ರಸ್ತಾವವನ್ನೇ ಹಿಂತೆಗೆದುಕೊಂಡಿತು. ಬ್ರಿಟನ್ನಿನ ಸಂಸತ್ತಂತೂ 2025ರ ಫುಟ್‌ಬಾಲ್ ಆಡಳಿತ ಕಾಯ್ದೆಯಲ್ಲಿ, ಕ್ಲಬ್ಬೊಂದು ತನ್ನ ಲಾಂಛನವನ್ನೋ ತವರಿನ ಅಂಗಿಯ ಬಣ್ಣವನ್ನೋ ಗಣನೀಯವಾಗಿ ಬದಲಿಸಬೇಕಾದರೆ ಅಭಿಮಾನಿಗಳ ಬಹುಮತದ ಬೆಂಬಲ ಬೇಕೆಂದು ಬರೆದಿದೆ. ಬಣ್ಣ ಮತ್ತು ಲಾಂಛನಗಳು ಖಾಸಗಿ ಆಸ್ತಿಯೊಳಗೆ ಸೇರಿಕೊಂಡ ಸಾರ್ವಜನಿಕ ಸೊತ್ತು ಎಂಬುದನ್ನು ಖಾಸಗಿ ಬಂಡವಾಳದ ತವರೇ ಒಪ್ಪಿದಂತಾಯಿತು.

ಇನ್ನು ನಮ್ಮ ಊರಿಗೆ ಬರೋಣ. ಬೆಂಗಳೂರಿನ ಐಪಿಎಲ್ ತಂಡ 2008ರಲ್ಲಿ ಹುಟ್ಟಿದಾಗ ಅದರ ಹೆಸರಿನ ಮೊದಲ ಭಾಗ ಮಾಲೀಕ ಸಂಸ್ಥೆಯ ವಿಸ್ಕಿಯಿಂದ ಬಂತು. ಕೊನೆಯ ಪದವಷ್ಟೇ ಊರಿನದು. ಆ ಊರಿನ ಹೆಸರನ್ನು ಸರ್ಕಾರ 2014ರ ನವೆಂಬರ್ 1ರಂದು ಅಧಿಕೃತವಾಗಿ 'ಬೆಂಗಳೂರು' ಎಂದು ತಿದ್ದಿತು. ತಂಡ ಅದನ್ನು ತನ್ನ ಹೆಸರಿನಲ್ಲಿ ಒಪ್ಪಿಕೊಂಡದ್ದು 2024ರ ಮಾರ್ಚ್‌ನಲ್ಲಿ. ನಡುವಣ ಹತ್ತು ವರ್ಷಗಳಲ್ಲಿ ಅಂಗಿಯ ಬಣ್ಣ, ಲಾಂಛನದ ರೇಖೆ, ಪ್ರಾಯೋಜಕರ ಹೆಸರು ಎಷ್ಟು ಬಾರಿ ಬದಲಾದವು! ಮೊದಲ ವರ್ಷಗಳ ಕೆಂಪು ಮತ್ತು ಹಳದಿ, ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದ ಕನ್ನಡ ಬಾವುಟದ ಬಣ್ಣಗಳೇ ಆಗಿದ್ದವು. ಬಳಿಕ ಹಳದಿ ಚಿನ್ನದ ಬಣ್ಣವಾಯಿತು, ಕಪ್ಪು ಬಂತು, 2024ರಲ್ಲಿ ನೀಲಿ ಬಂತು. ಇವುಗಳಲ್ಲಿ ಯಾವುದಕ್ಕೂ ಊರಿನವರ ಅಭಿಪ್ರಾಯ ಕೇಳಿದ ನೆನಪು ನನಗಿಲ್ಲ. ದೀಪಾಲಂಕಾರದ ಸಮಾರಂಭದಲ್ಲಿ ಅನಾವರಣ ಮಾಡಿ, ಟಿಕೆಟ್ ಕೊಂಡು ಬಂದವರಿಂದ ಚಪ್ಪಾಳೆ ಪಡೆಯುವುದು ಅಭಿಪ್ರಾಯ ಕೇಳಿದಂತಾಗುವುದಿಲ್ಲ.

ಲಾಂಛನಗಳ ವಿಷಯದಲ್ಲಿ ಕನ್ನಡ ನಾಡು ಬಡವಾಗಿಯೂ ಇಲ್ಲ. ಕದಂಬರಿಗೆ ಸಿಂಹ, ಗಂಗರಿಗೆ ಆನೆ, ಬಾದಾಮಿಯ ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ. ಮೈಸೂರು ಅರಸರ ಗಂಡಭೇರುಂಡ ಇಂದು ರಾಜ್ಯದ ಲಾಂಛನದಲ್ಲಿದೆ. ತಾಮ್ರಪಟದ ಮುದ್ರೆಯಲ್ಲಿ, ನಾಣ್ಯದ ಮೇಲೆ, ದೇವಾಲಯದ ಮುಂದೆ ಒಂದೇ ಚಿತ್ರದಿಂದ ತನ್ನ ಗುರುತನ್ನು ಹೇಳಿಕೊಳ್ಳುವ ಕಲೆಯನ್ನು ಈ ನೆಲ ಒಂದೂವರೆ ಸಾವಿರ ವರ್ಷಗಳಿಂದ ಬಲ್ಲುದು. ಐಪಿಎಲ್ ತಂಡದ ಲಾಂಛನದಲ್ಲೂ ಸಿಂಹವಿದೆ. ಅದು ಕದಂಬರ ಸಿಂಹವಾಗಬಹುದಿತ್ತು. ಬದಲಾಗಿ ಕಿರೀಟ ಹೊತ್ತು ಎರಡು ಕಾಲ ಮೇಲೆ ನಿಂತ ಯುರೋಪಿನ ಮನೆತನದ ಸಿಂಹವಾಗಿದೆ. ಹೊಯ್ಸಳರ ಲಾಂಛನವನ್ನು ಬಲ್ಲವರಿಗೆ ಇನ್ನೊಂದು ತಮಾಷೆಯೂ ಹೊಳೆಯಬಹುದು: ಎರಡು ಕಾಲ ಮೇಲೆ ಎದ್ದು ನಿಂತ ಸಿಂಹ ಅಲ್ಲಿ ಸಳನ ಕೈಯಲ್ಲಿ ಸೋಲುತ್ತಿದೆ! ಪುರಾತನವಾದುದನ್ನೆಲ್ಲ ಎತ್ತಿ ಅಂಗಿಗೆ ಅಂಟಿಸಬೇಕೆಂದು ನಾನು ವಾದಿಸುತ್ತಿಲ್ಲ. ಇಲ್ಲಿ ಸಿಕ್ಕುವುದನ್ನು ಒಮ್ಮೆ ಕಣ್ಣೆತ್ತಿ ನೋಡುವ ಸೌಜನ್ಯ ಇರಬೇಕೆಂಬುದಷ್ಟೇ ನನ್ನ ಮಾತು. ಕನ್ನಡ ಲಿಪಿಯ ದುಂಡನೆಯ ಅಕ್ಷರಗಳಂತೂ ಎದೆಯ ಮೇಲೆ ಬರೆಯಲೆಂದೇ ಹೇಳಿ ಮಾಡಿಸಿದಂತಿವೆ. 'ಬೆಂಗಳೂರು' ಎಂಬ ನಾಲ್ಕು ಅಕ್ಷರಗಳಿಗಿಂತ ಚೆಂದದ ವಿನ್ಯಾಸವನ್ನು ಯಾವ ವಿನ್ಯಾಸ ಸಂಸ್ಥೆ ಕೊಟ್ಟೀತು?

ಕ್ರಿಕೆಟ್ ಮಂಡಳಿಯದ್ದೂ ಇದೇ ಕಥೆ. 1928ರಲ್ಲಿ ಸ್ಥಾಪನೆಯಾದ ಅದರ ಲಾಂಛನ, 1861ರಲ್ಲಿ ವಿಕ್ಟೋರಿಯಾ ರಾಣಿ ಸ್ಥಾಪಿಸಿದ 'ಸ್ಟಾರ್ ಆಫ್ ಇಂಡಿಯಾ' ಪದವಿಯ ಚಿಹ್ನೆಯನ್ನು ಹೋಲುತ್ತದೆ. ಹಳೆಯದೆಂಬ ಕಾರಣಕ್ಕೆ ಅದನ್ನು ಉಳಿಸಿಕೊಳ್ಳುವ ವಾದವೂ ಇರಬಹುದು, ವಸಾಹತಿನ ಕುರುಹೆಂದು ತೆಗೆದುಹಾಕುವ ವಾದವೂ ಇರಬಹುದು. ಎರಡರಲ್ಲಿ ಯಾವುದನ್ನೂ ಮಂಡಳಿ ಜನರ ಮುಂದಿಟ್ಟು ಚರ್ಚಿಸಿಲ್ಲ. 2019ರ ವಿಶ್ವ ಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧದ ಪಂದ್ಯಕ್ಕೆ ಕಿತ್ತಳೆ ಬಣ್ಣದ ಅಂಗಿ ಬಂದಾಗಲೂ ಹೀಗೆಯೇ ಆಯಿತು. ಎರಡು ತಂಡಗಳ ನೀಲಿ ಒಂದನ್ನೊಂದು ಹೋಲಬಾರದೆಂಬ ಸರಳ ನಿಯಮವೇ ಅದಕ್ಕೆ ಕಾರಣವಾಗಿತ್ತು. ಆದರೆ ಬಣ್ಣದ ಆಯ್ಕೆಯ ಹಿಂದಿನ ಯೋಚನೆಯನ್ನು ಯಾರೂ ಮೊದಲೇ ವಿವರಿಸದ ಕಾರಣ ರಾಜಕೀಯ ಪಕ್ಷಗಳು ಆ ಖಾಲಿ ಜಾಗವನ್ನು ತುಂಬಿದವು. ಭಾರತ 31 ರನ್‌ಗಳಿಂದ ಸೋತಾಗ ಸೋಲಿನ ಹೊಣೆಯನ್ನು ಅಂಗಿಯ ತಲೆಗೇ ಕಟ್ಟಿದ ರಾಜಕಾರಣಿಗಳೂ ಇದ್ದರು. ಮುಚ್ಚಿದ ಬಾಗಿಲ ಹಿಂದೆ ನಿರ್ಧಾರವಾದ ಬಣ್ಣಕ್ಕೆ ಹೊರಗಿನವರು ತಮಗೆ ಬೇಕಾದ ಅರ್ಥ ಹಚ್ಚುವುದು ಅನಿವಾರ್ಯ.

ನೋಡುವವರ ಮಾತು ಇಷ್ಟಾದರೆ, ಉಡುವವರ ಪಾಡು ಇನ್ನೂ ವಿಚಿತ್ರ. 1996ರ ಏಪ್ರಿಲ್‌ನಲ್ಲಿ ಸೌತಾಂಪ್ಟನ್ ವಿರುದ್ಧ ಬೂದು ಅಂಗಿ ತೊಟ್ಟ ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರರಿಗೆ ಪ್ರೇಕ್ಷಕರ ಹಿನ್ನೆಲೆಯಲ್ಲಿ ತಮ್ಮವರೇ ಕಾಣುತ್ತಿಲ್ಲವೆಂಬ ದೂರು ಎದ್ದು, ಮಧ್ಯಂತರದಲ್ಲಿ ಅಂಗಿ ಬದಲಿಸಬೇಕಾಯಿತು. ಅಷ್ಟರಲ್ಲಿ ಮೂರು ಗೋಲು ಬಿದ್ದಾಗಿತ್ತು. ಮಾರಾಟಕ್ಕೆ ಚೆಂದವಾದುದು ಆಟಕ್ಕೆ ಆಗಿಬಾರದಿರಬಹುದು. ಮಹಿಳೆಯರ ವಿಷಯದಲ್ಲಿ ಇದು ನಗುವ ಮಾತಾಗಿ ಉಳಿಯುವುದಿಲ್ಲ. 2021ರಲ್ಲಿ ಬಿಕಿನಿಯ ಬದಲು ಚಡ್ಡಿ ತೊಟ್ಟ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ಆಟಗಾರ್ತಿಯರಿಗೆ 1,500 ಯೂರೊ ದಂಡ ಬಿತ್ತು. ಜಗತ್ತೆಲ್ಲ ಛೀಮಾರಿ ಹಾಕಿದ ಮೇಲೆ ನಿಯಮ ಬದಲಾಯಿತು. ಮುಟ್ಟಿನ ದಿನಗಳಲ್ಲಿ ಬಿಳಿ ಚಡ್ಡಿ ಆತಂಕ ತರುತ್ತದೆಂದು ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ್ತಿಯರು ಹೇಳಿದ ಮೇಲೆ 2023ರಲ್ಲಿ ಅದು ನೀಲಿಯಾಯಿತು. ನಮ್ಮಲ್ಲಿ? ಪುರುಷರ ಸಮವಸ್ತ್ರವನ್ನು ಕತ್ತರಿಸಿ ಮತ್ತೆ ಹೊಲಿದು ಮಹಿಳಾ ಕ್ರಿಕೆಟಿಗರಿಗೆ ಕೊಡಲಾಗುತ್ತಿತ್ತು ಎಂಬ ಸಂಗತಿಯನ್ನು, ಸುಪ್ರೀಂ ಕೋರ್ಟ್ ನೇಮಿಸಿದ್ದ ಆಡಳಿತಗಾರರ ಸಮಿತಿಯ ಮುಖ್ಯಸ್ಥರಾಗಿದ್ದ ವಿನೋದ್ ರಾಯ್ 2022ರಲ್ಲಿ ಬಹಿರಂಗಪಡಿಸಿದರು. ಜಗತ್ತಿನ ಅತಿ ಶ್ರೀಮಂತ ಕ್ರಿಕೆಟ್ ಮಂಡಳಿಯ ಮಾತಿದು! ನಮ್ಮ ಹೆಣ್ಣುಮಕ್ಕಳು 2025ರ ನವೆಂಬರ್‌ನಲ್ಲಿ ನವಿ ಮುಂಬಯಿಯಲ್ಲಿ ವಿಶ್ವ ಕಪ್ ಎತ್ತಿದಾಗ ತೊಟ್ಟಿದ್ದ ನೀಲಿ ಅಂಗಿಗೆ ಈ ಹಿನ್ನೆಲೆಯಲ್ಲಿ ಬೇರೆಯದೇ ಘನತೆಯಿದೆ.

ಪ್ರಾಯೋಜಕರಿಲ್ಲದೆ ಕ್ರೀಡೆ ನಡೆಯದು ಎಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕೆ ಹಾಕಿಯೇ ಸಾಕ್ಷಿ. 2018ರಲ್ಲಿ ಒಡಿಶಾ ಸರ್ಕಾರ ಪುರುಷರ ಮತ್ತು ಮಹಿಳೆಯರ ರಾಷ್ಟ್ರೀಯ ತಂಡಗಳ ಪ್ರಾಯೋಜಕತ್ವ ವಹಿಸಿಕೊಂಡಿತು. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರ ತಂಡ 41 ವರ್ಷಗಳ ಬಳಿಕ ಪದಕ ಗೆದ್ದಿತು. ಕಬಡ್ಡಿ, ಕೊಕ್ಕೊ, ವಾಲಿಬಾಲ್ ಆಡುವ ನಮ್ಮ ಜಿಲ್ಲಾ ತಂಡಗಳಿಗೆ ಅಂಗಡಿಯವರೊಬ್ಬರು ಬನಿಯನ್ ಕೊಡಿಸಿದರೆ ಅದರ ಬೆನ್ನ ಮೇಲೆ ಅಂಗಡಿಯ ಹೆಸರಿರುವುದರಲ್ಲಿ ಯಾವ ಅವಮಾನವೂ ಇಲ್ಲ, ಕೃತಜ್ಞತೆಯಿದೆ. ಆದರೆ ಹಸಿದವನು ಕೈಚಾಚುವುದಕ್ಕೂ ಉಂಡವನು ಎಲೆ ಮಾರುವುದಕ್ಕೂ ವ್ಯತ್ಯಾಸವುಂಟು. ಪ್ರಸಾರದ ಹಕ್ಕಿನಿಂದಲೇ ಸಾವಿರಾರು ಕೋಟಿ ಗಳಿಸುವ ಮಂಡಳಿಗೆ ದೇಶದ ಹೆಸರನ್ನು ಎರಡನೇ ಸಾಲಿಗೆ ತಳ್ಳುವ ದೈನ್ಯ ಬೇಕಾಗಿಲ್ಲ.

ಆದ್ದರಿಂದ ನನ್ನ ಬೇಡಿಕೆಗಳು ಮೂರು. ಮೊದಲನೆಯದು, ವಿಶ್ವ ಕಪ್‌ನಲ್ಲಿ ಪಾಲಿಸುವ ನಿಯಮವನ್ನು ರಾಷ್ಟ್ರೀಯ ತಂಡ ಎಲ್ಲ ಪಂದ್ಯಗಳಲ್ಲೂ ಪಾಲಿಸಲಿ: ಎದೆಯ ನಡುವೆ ದೇಶದ ಹೆಸರು, ತೋಳಿನ ಮೇಲೆ ಪ್ರಾಯೋಜಕನದು. ಎರಡನೆಯದು, ತಂಡದ ಹೆಸರು, ಮೂಲ ಬಣ್ಣ, ಲಾಂಛನ ಈ ಮೂರನ್ನು ಬದಲಿಸುವ ಮುನ್ನ ಕರಡನ್ನು ಪ್ರಕಟಿಸಿ, ಕನಿಷ್ಠ ಒಂದು ತಿಂಗಳು ಸಾರ್ವಜನಿಕರ ಅಭಿಪ್ರಾಯ ಪಡೆಯಲಿ. ಐಪಿಎಲ್ ತಂಡಗಳಿಗೂ ಊರಿನ ಹೆಸರು ಬಳಸುವುದಕ್ಕೆ ಇದನ್ನೇ ಷರತ್ತಾಗಿಸಲಿ. ನಮ್ಮ ಕಲಾಶಾಲೆಗಳ ವಿದ್ಯಾರ್ಥಿಗಳಿಗೆ ಒಂದು ಮುಕ್ತ ಸ್ಪರ್ಧೆ ಇಟ್ಟು ನೋಡಲಿ. ಇನ್ನೊಬ್ಬ ಹತ್ತೊಂಬತ್ತರ ಹುಡುಗನೋ ಹುಡುಗಿಯೋ ನಮ್ಮಲ್ಲೂ ಇರಬಹುದು. ಮೂರನೆಯದು, ಅಂಗಿಯ ಅಳತೆ, ಬಟ್ಟೆ, ಬಣ್ಣ ಅಂತಿಮವಾಗುವ ಸಭೆಯಲ್ಲಿ ಅದನ್ನು ಉಡುವ ಆಟಗಾರರಿಗೂ ಆಟಗಾರ್ತಿಯರಿಗೂ ಕುರ್ಚಿಯಿರಲಿ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ.

ಇಷ್ಟೆಲ್ಲ ಒಂದು ಅಂಗಿಗಾಗಿಯೇ ಎಂದು ಕೇಳುವವರು 2025ರ ಜೂನ್ 4ರ ಸಂಜೆಯನ್ನು ನೆನೆಯಬೇಕು. ಹದಿನೆಂಟು ವರ್ಷ ಕಾದು ಗೆದ್ದ ತಂಡವನ್ನು ನೋಡಲು ಕೆಂಪು ಅಂಗಿ ತೊಟ್ಟು ಚಿನ್ನಸ್ವಾಮಿ ಕ್ರೀಡಾಂಗಣದತ್ತ ಹರಿದುಬಂದ ಜನಸಾಗರದಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ 11 ಮಂದಿ ಪ್ರಾಣ ಬಿಟ್ಟರು. ಆ ದುರಂತದ ಹೊಣೆಗಾರಿಕೆಯ ಪ್ರಶ್ನೆ ಬೇರೆ. ಅದನ್ನು ಅಂಗಿಯ ಚರ್ಚೆಯೊಳಗೆ ಕರಗಿಸುವುದು ಸಲ್ಲದು. ಆದರೆ ಆ ಬಣ್ಣದ ಮೇಲೆ ಜನ ಇಟ್ಟ ಪ್ರೀತಿಯ ಆಳ ಎಷ್ಟೆಂಬುದನ್ನು ಅಂದು ಕಂಡವರು ಮರೆಯಲಾರರು. ಮಾಲೀಕರ ಪುಸ್ತಕದಲ್ಲಿ ಅವರೆಲ್ಲ ಗ್ರಾಹಕರು, ಅಂಗಿ ಒಂದು ಸರಕು. ಅವರ ಮನಸ್ಸಿನಲ್ಲಿ ಅದು ಊರಿನ ಬಾವುಟ. ಬಾವುಟದ ಬಣ್ಣವನ್ನು ಗೊತ್ತುಮಾಡುವಾಗ ಅದನ್ನು ಹಿಡಿದವರನ್ನು ಒಂದು ಮಾತು ಕೇಳುವುದು ಔದಾರ್ಯವಲ್ಲ, ಕರ್ತವ್ಯ.